ಬೆಂಗಳೂರಲ್ಲಿ ತಮಟೆ ಬಾರಿಸುವ ಹುಡುಗ ಊರಲ್ಲಿ ಯಾಕೆ ಮುಟ್ಟುವುದಿಲ್ಲ?

ಕಳೆದ ವರ್ಷ ಗಣೇಶನ ಹಬ್ಬ ಮುಗಿದು ಎರಡು ಭಾನುವಾರ ಕಳೆದಿತ್ತು. ನಮ್ಮ ಏರಿಯಾದಲ್ಲಿ ಇನ್ನೂ ಒಂದು ಗಣೇಶ ಕೆರೆಗೆ ಹೋಗುವುದು ಬಾಕಿ ಇತ್ತು. (ಬೆಂಗಳೂರಲ್ಲಿ ಗಣೇಶನ ಹಬ್ಬ ಯಾವಾಗ ಮುಗಿಯುತ್ತದೆ ಅಂತ ಗಣೇಶನಿಗೂ ಗೊತ್ತಿರಲಿಕ್ಕಿಲ್ಲ.) ಬೇಕರಿ ಮುಂದೆ ಎಂಟು ಹುಡುಗರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಮೆರವಣಿಗೆ ಹೊರಡುವುದನ್ನೇ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ತಮಟೆ ಇಟ್ಟುಕೊಂಡು, ಸ್ಪ್ಯಾನರ್ ಹಿಡಿದು ಬೋಲ್ಟು ಬಿಗಿ ಮಾಡುತ್ತಿದ್ದ. ಒಂದು ಸುತ್ತು ತಿರುಗಿಸುವುದು, ಬೆರಳಲ್ಲಿ ತಟ್ಟಿ ಕಿವಿ ಕೊಡುವುದು, ಪಕ್ಕದ ಬೋಲ್ಟಿಗೆ ಹೋಗುವುದು. ಸೈಕಲ್ ಶಾಪಿನವನು ಚಕ್ರದ ಡೊಂಕು ತೆಗೆಯುತ್ತಾನಲ್ಲ, ಹಾಗೇ.

ಟೀ ಕುಡಿಯುತ್ತಾ ಮಾತಿಗೆ ಸಿಕ್ಕ. ಕೋಲಾರದ ಕಡೆಯವನು, ಇಲ್ಲಿ ಬಿಕಾಂ ಓದುತ್ತಿದ್ದಾನೆ. ಸೀಸನ್ನಿನಲ್ಲಿ ತಮಟೆ ಬಾರಿಸಿ ರೂಮಿನ ಬಾಡಿಗೆ, ಕಾಲೇಜಿನ ಖರ್ಚು ನೋಡಿಕೊಳ್ಳುತ್ತಾನೆ. ಊರಲ್ಲೂ ಬಾರಿಸ್ತೀಯಾ ಅಂತ ಸುಮ್ನೆ ಕೇಳಿದೆ.

"ಇಲ್ಲ ಅಣ್ಣ. ಊರಲ್ಲಿ ಮುಟ್ಟಲ್ಲ."

ತಾತ ಊರಿಗೇ ಹೆಸರಾದ ತಮಟೆಯವರಂತೆ. ಅಪ್ಪ ಬಿಟ್ಟುಬಿಟ್ಟರು. ಇವನು ಕಲಿತಿದ್ದು ಊರಲ್ಲಲ್ಲ, ಬೆಂಗಳೂರಿಗೆ ಬಂದ ಮೇಲೆ, ರೂಮ್‌ಮೇಟ್ ಹತ್ತಿರ. ತಾತನ ಮನೆಯಲ್ಲಿ ಗೋಡೆಗೆ ತಮಟೆ ನೇತಾಡುತ್ತಿದ್ದರೂ ಕೈಗೆ ತಗೊಂಡಿರಲಿಲ್ಲ.

ಜನಪದ ವಾದ್ಯಗಳ ಬಗ್ಗೆ ನಾವು ಓದುವ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಶಿಸುತ್ತಿರುವ ಕಲೆ, ಮೊಬೈಲಿಗೆ ಮಾರುಹೋದ ಯುವಜನ, ಸರ್ಕಾರ ಗಮನಹರಿಸಬೇಕು. ಈ ಹುಡುಗನ ಕಥೆ ಆ ಅಚ್ಚಿನಲ್ಲಿ ಕೂರುವುದಿಲ್ಲ. ಅವನಿಗೆ ವಾದ್ಯ ಇಷ್ಟ, ಬಾರಿಸುವುದೂ ಗೊತ್ತು, ಬಾರಿಸಿ ದುಡ್ಡೂ ಮಾಡುತ್ತಾನೆ. ಊರಿನ ಗಡಿ ದಾಟಿ ಒಳಗೆ ಹೋದರೆ ಮಾತ್ರ ಅವನ ಕೈಗೆ ತಮಟೆ ಬೇಡ. ಯಾಕೆ ಅನ್ನುವುದು ಅರ್ಥವಾಗದೆ ತಮಟೆ ಉಳಿಸುವ ಮಾತಾಡಿದರೆ ಅದು ಗಾಳಿಗೆ ಗುದ್ದಿದ ಹಾಗೆ.

ಮೊದಲನೆಯದಾಗಿ, ತಮಟೆಗೆ ಕೇಳುವವರ ಕೊರತೆ ಇಲ್ಲ. ಹಳೇ ಮೈಸೂರು ಕಡೆ ಮಾರಮ್ಮನ ಹಬ್ಬ ಅಂದರೆ ತಮಟೆ. ಬೆಂಗಳೂರಲ್ಲಿ ಹೂವಿನ ವಾಹನದಲ್ಲಿ ಹೆಣ ಹೊರಟರೆ ಮುಂದೆ ತಮಟೆ. ಚುನಾವಣೆಯಲ್ಲಿ ಗೆದ್ದವರ ಮನೆ ಮುಂದೆ ತಮಟೆ, ಸ್ಟಾರ್ ಸಿನಿಮಾ ಬಿಡುಗಡೆಯಾದ ದಿನ ಥಿಯೇಟರ್ ಮುಂದೆ ತಮಟೆ, ಮೈಸೂರು ದಸರಾ ಮೆರವಣಿಗೆಯಲ್ಲಿ ನಗಾರಿ ಜೊತೆ ತಮಟೆ, ಬೀದಿಗಿಳಿದು ಪ್ರತಿಭಟನೆ ಮಾಡಿದರೆ ಅದಕ್ಕೆ ಹೆಸರೇ ತಮಟೆ ಚಳವಳಿ. ಈಚೆಗೆ ಹಲವು ಜಿಲ್ಲೆಗಳಲ್ಲಿ ಗಣೇಶನ ಮೆರವಣಿಗೆಗೆ ಡಿಜೆ ಬೇಡ ಅಂತ ಪೊಲೀಸರು ಕಟ್ಟುನಿಟ್ಟು ಮಾಡಿದ ಮೇಲಂತೂ ತಮಟೆಯವರಿಗೂ ನಾಸಿಕ್ ಡೋಲಿನವರಿಗೂ ಬುಕಿಂಗ್ ಜಾಸ್ತಿ. ಇಷ್ಟು ಕೆಲಸ ಇರುವ ವಾದ್ಯ ಸಾಯುತ್ತಿದೆ ಅನ್ನುವುದು ಹೇಗೆ?

ಹಾಗಾದರೆ ಕಷ್ಟ ಎಲ್ಲಿದೆ? ಅದಕ್ಕೆ ವಾದ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ತಮಟೆ ಅಂದರೆ ಒಂದು ಬಳೆ, ಅದರ ಒಂದು ಬದಿಗೆ ಬಿಗಿದ ಚರ್ಮ. ಅಷ್ಟೇ. ಬಳೆ ಮರದ್ದಾದರೂ ಆಯಿತು, ಕಬ್ಬಿಣದ್ದಾದರೂ ಆಯಿತು. ಎಡ ಹೆಗಲಿಗೆ ಪಟ್ಟಿ ಹಾಕಿ ಇಳಿಬಿಟ್ಟರೆ ಬಳೆ ಎಡಗೈಗೆ ಒರಗುತ್ತದೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈ ಬೆರಳುಗಳ ನಡುವೆ ತೆಳ್ಳನೆಯ ಬಿದಿರಿನ ಸೀಳು. ದಪ್ಪ ಕೋಲು ನಡುವಿಗೆ ಬಿದ್ದರೆ ಎದೆಗೆ ತಾಗುವ ಧಂ, ಸೀಳು ಅಂಚಿಗೆ ಬಿದ್ದರೆ ಕಿವಿಗೆ ತಾಗುವ ಚಟ್. ಇವೆರಡರಲ್ಲೇ ಇಡೀ ಊರಿನ ಸುದ್ದಿ ಹೇಳಬೇಕು. ಹಳಬರನ್ನು ಕೇಳಿದರೆ, ದೂರದಿಂದ ಬಡಿತ ಕಿವಿಗೆ ಬಿದ್ದರೆ ಸಾಕು, ಅದು ಸಾವೋ ಜಾತ್ರೆಯೋ ಡಂಗುರವೋ ಅಂತ ಹೊಲದಲ್ಲಿದ್ದವರಿಗೂ ಗೊತ್ತಾಗುತ್ತಿತ್ತು ಅನ್ನುತ್ತಾರೆ.

ಚರ್ಮದ ತಮಟೆಗೆ ಬೆಂಕಿ ಬೇಕು. ಚರ್ಮ ಗಾಳಿಯಲ್ಲಿರುವ ತೇವ ಹೀರಿ ಸಡಿಲವಾಗುತ್ತದೆ, ಆಗ ಹೊಡೆದರೆ ಒದ್ದೆ ಗೋಣಿಚೀಲ ಬಡಿದಂತೆ ಸದ್ದು. ಒಣಹುಲ್ಲಿಗೋ ಹಳೇ ಪೇಪರಿಗೋ ಕಡ್ಡಿ ಗೀರಿ, ತಮಟೆಯನ್ನು ಜ್ವಾಲೆಯ ಮೇಲೆ ಆಡಿಸುತ್ತಾ ಕಾಯಿಸುತ್ತಾರೆ. ಕಮ್ಮಿ ಕಾದರೆ ಸ್ವರ ಬರುವುದಿಲ್ಲ, ಜಾಸ್ತಿ ಕಾದರೆ ಚರ್ಮ ಬಿರಿಯುತ್ತದೆ. ಕಾಯಿಸುವಾಗ ತಮಟೆಯವರ ಮುಖ ನೋಡಬೇಕು, ದೋಸೆ ಹೊಯ್ಯುವ ಅಮ್ಮನ ಮುಖದ ಹಾಗೆ, ಮಾತು ಎಲ್ಲೋ, ಕಣ್ಣು ಮಾತ್ರ ಅಲ್ಲೇ. ಮಳೆಗಾಲದಲ್ಲಿ ಅರ್ಧ ಗಂಟೆಗೊಮ್ಮೆ ಬೆಂಕಿ ಹುಡುಕಬೇಕು.

ಇಷ್ಟೆಲ್ಲ ಗೊತ್ತಿರುವವರು ಊರಲ್ಲಿ ಎಲ್ಲಿ ಇರುತ್ತಿದ್ದರು? ಕೇರಿಯಲ್ಲಿ. ತಮಟೆ ಬಡಿಯುವುದು ದಲಿತರ ಪಾಲಿಗೆ ಒಲಿದು ಕಲಿತ ವಿದ್ಯೆಯಾಗಿರಲಿಲ್ಲ, ಮೇಲೆ ಹೇರಿದ ಚಾಕರಿಯಾಗಿತ್ತು. ಸತ್ತ ದನ ಎತ್ತುವುದು, ಸಾವಿನ ಸುದ್ದಿ ಹೊತ್ತು ಪಕ್ಕದೂರಿಗೆ ನಡೆಯುವುದು, ಡಂಗುರ ಸಾರುವುದು, ಹಬ್ಬದಲ್ಲಿ ದೇವರ ಮುಂದೆ ಬಡಿಯುವುದು, ಎಲ್ಲ ಒಂದೇ ಕಂತೆ. ದೇವರ ಮುಂದೆ ಬಡಿಯಬೇಕು, ಗುಡಿಯೊಳಗೆ ಮಾತ್ರ ಕಾಲಿಡುವ ಹಾಗಿಲ್ಲ. ಕೂಲಿ ಅಂತ ಲೆಕ್ಕ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಂದಿಷ್ಟು ರಾಗಿ.

ಕಾನೂನಿನ ಪ್ರಕಾರ ಇದು ಮುಗಿದು ಎಷ್ಟೋ ಕಾಲವಾಯಿತು. ಆಗಿನ ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತಂದಿತು, 1963ರ ಫೆಬ್ರುವರಿಯಿಂದ ಅದು ಜಾರಿಯಾಯಿತು. ಪಟೇಲ, ಶಾನುಭೋಗ, ತೋಟಿ (ಮೇಲೆ ಹೇಳಿದ ಕೇರಿಯ ಚಾಕರಿ ಇವರ ಪಾಲಿನದು), ತಳವಾರ, ನೀರುಗಂಟಿ ಅಂತ ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದ ಹುದ್ದೆಗಳೆಲ್ಲ ಕಾಗದದ ಮೇಲೆ ಹೋದವು. ಪಟೇಲರ ಮಗ ಪಟೇಲಿಕೆ ಬಿಟ್ಟು ಬೇರೆ ದಾರಿ ನೋಡಿಕೊಂಡ, ಯಾರೂ ಏನೂ ಅನ್ನಲಿಲ್ಲ. ತೋಟಿಯ ಮಗ ತಮಟೆ ಬಿಡ್ತೀನಿ ಅಂದಾಗ ಮಾತ್ರ ಊರಿಗೆ ಸಂಪ್ರದಾಯ ನೆನಪಾಯಿತು. ಹಬ್ಬಕ್ಕೆ ತಮಟೆ ಬಡಿಯಲ್ಲ ಅಂದ ಕೇರಿಗೆ ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಕೂಲಿಗೆ ಕರೆಯಲಿಲ್ಲ ಅನ್ನುವ ಸುದ್ದಿ ಈಗಲೂ ಪೇಪರಿನಲ್ಲಿ ಆಗಾಗ ಬರುತ್ತದೆ. ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧ ಅಂತ ಬಿಡಿಸಿ ಬರೆದಿದ್ದಾರೆ. ಅಷ್ಟು ಬಿಡಿಸಿ ಬರೆಯಬೇಕಾಗಿ ಬಂತು ಅನ್ನುವುದರಲ್ಲೇ ಊರಿನ ಸ್ಥಿತಿ ಗೊತ್ತಾಗುತ್ತದೆ ಅಲ್ವಾ?

ನಗರವೂ ಇದರಿಂದ ಹೊರತಲ್ಲ. ಆಸ್ತಿ ತೆರಿಗೆ ಕಟ್ಟದವರ ಮನೆ ಮುಂದೆ ತಮಟೆ ಬಾರಿಸುವ ಉಪಾಯವನ್ನು ಬೆಂಗಳೂರಿನ ಪಾಲಿಕೆಯೇ ಮಾಡಿತ್ತು. ನೋಡಿ ಎಷ್ಟು ಸಲೀಸು. ನಿಮ್ಮ ಮನೆ ಮುಂದೆ ತಮಟೆ ಸದ್ದಾದರೆ ನಿಮಗೆ ಅವಮಾನ. ಅದೇ ಕೆಲಸಕ್ಕೆ ಯಾರೂ ಗೇಟಿನ ಮುಂದೆ ವೀಣೆ ನುಡಿಸಲು ಕರೆಯುವುದಿಲ್ಲ. ಆ ದಿನ ಬಿಸಿಲಲ್ಲಿ ನಿಂತು ಬಾರಿಸಿದ ಮನುಷ್ಯನಿಗೆ ಹೇಗನ್ನಿಸಿತು ಅಂತ ಯಾರೂ ಕೇಳಿರಲಿಕ್ಕಿಲ್ಲ.

ಚರ್ಮ ಮುಟ್ಟುವುದು ಕೀಳು ಅನ್ನುವ ವಾದ ಇದೆಯಲ್ಲ, ಅದು ಒಂದು ನಿಮಿಷವೂ ನಿಲ್ಲುವುದಿಲ್ಲ. ಮೃದಂಗದ್ದೂ ಚರ್ಮವೇ. ತಬಲಾ, ಮದ್ದಳೆ, ಚಂಡೆ, ಖಂಜಿರ ಎಲ್ಲವೂ ಚರ್ಮವೇ. ಮೃದಂಗವನ್ನು ರೇಷ್ಮೆ ಪಂಚೆ ಉಟ್ಟು ಸಭೆಯಲ್ಲಿ ತೊಡೆ ಮೇಲೆ ಇಟ್ಟುಕೊಳ್ಳುತ್ತೇವೆ. ವಾದ್ಯಕ್ಕೆ ಅಂಟಿದ ಕೊಳೆ ಚರ್ಮದಿಂದ ಬಂದದ್ದಲ್ಲ, ಅದನ್ನು ಯಾರು ಹಿಡಿದಿದ್ದಾರೆ ಅನ್ನುವುದರಿಂದ ಬಂದದ್ದು.

ಈಗ ಆ ಹುಡುಗನ ಅಪ್ಪನನ್ನು ನೆನಪಿಸಿಕೊಳ್ಳಿ. ಅವರು ತಮಟೆ ಬಿಟ್ಟಿದ್ದು ಸೋಮಾರಿತನಕ್ಕಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿಕೊಂಡ ಮೇಲೆ ಕೇರಿಗಳಲ್ಲಿ ಎರಡು ಬಗೆಯ ಉತ್ತರ ಬಂತು. ಒಂದು: ಈ ಚಾಕರಿ ಬಿಡಬೇಕು, ತಮಟೆ ಕೆಳಗಿಡಬೇಕು, ಮಕ್ಕಳ ಕೈಗೆ ಪುಸ್ತಕ ಕೊಡಬೇಕು. ಇನ್ನೊಂದು: ತಮಟೆ ನಮ್ಮದು, ಇದನ್ನು ಊರಿಗಾಗಿ ಬಡಿಯುವುದು ಬಿಟ್ಟು ನಮಗಾಗಿ ಬಡಿಯೋಣ. ಜಾಥಾಗಳಲ್ಲಿ, ಹೋರಾಟದ ಹಾಡಿನ ಹಿಂದೆ ತಮಟೆ ಮೊಳಗಿತು. ಈ ಎರಡು ಉತ್ತರಗಳು ಒಂದಕ್ಕೊಂದು ಎದುರು ಅನ್ನಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಬೇಡ ಅನ್ನುವ ಸ್ವಾತಂತ್ರ್ಯ ಇಲ್ಲದವನು ಬೇಕು ಅಂದರೂ ಅದು ಬೇಕು ಅಲ್ಲ. ಅಪ್ಪ ಕೆಳಗಿಟ್ಟಿದ್ದಕ್ಕೇ ಮಗ ಇವತ್ತು ತನ್ನಿಷ್ಟಕ್ಕೆ ಎತ್ತಿಕೊಂಡಿದ್ದಾನೆ. ನಡುವೆ ಒಂದು ತಲೆಮಾರು ಮೌನ ಬೇಕಾಗಿತ್ತೋ ಏನೋ.

ಸರ್ಕಾರ, ಅಕಾಡೆಮಿ, ಸಂಘ ಸಂಸ್ಥೆಗಳು ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಊರ ಹೊರಗೆ ನಿಲ್ಲಿಸಿದ್ದ ವಾದ್ಯ ರಾಷ್ಟ್ರಪತಿ ಭವನದವರೆಗೆ ಹೋಯಿತು. ಇದು ಸಣ್ಣ ವಿಷಯ ಅಲ್ಲ. ರಾಮನಗರದ ಜಾನಪದ ಲೋಕ ಇದೆ, ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜನಪದಕ್ಕೆ ಅಂತಲೇ ಒಂದು ವಿಶ್ವವಿದ್ಯಾಲಯ ಇದೆ. ಆದರೆ ದಿನನಿತ್ಯದ ಮಟ್ಟದಲ್ಲಿ ನಾವು ನೋಡುವುದು ಬೇರೆ: ಸಚಿವರು ಬರುತ್ತಾರೆ, ಯಾರೋ ತಮಟೆ ಕೊರಳಿಗೆ ಹಾಕುತ್ತಾರೆ, ಸಚಿವರು ನಾಲ್ಕು ಏಟು ಹೊಡೆಯುತ್ತಾರೆ, ಕ್ಯಾಮೆರಾ ಕ್ಲಿಕ್. ಮರುದಿನ "ತಮಟೆ ಬಾರಿಸಿ ಉದ್ಘಾಟನೆ" ಅಂತ ಫೋಟೊ. ಆ ತಮಟೆ ಯಾರದ್ದು, ಅವರಿಗೆ ಊಟ ಆಯಿತಾ ಅನ್ನುವುದು ಫೋಟೊದಲ್ಲಿ ಬರುವುದಿಲ್ಲ.

ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುವ ಯೋಜನೆ ನಮ್ಮಲ್ಲಿದೆ. ಒಳ್ಳೆಯದೇ. ಆದರೆ ಅರ್ಜಿ ಜೊತೆ ನೀವು ಕಲಾವಿದರು ಅನ್ನುವುದಕ್ಕೆ ದಾಖಲೆ ಬೇಕು, ಕಾರ್ಯಕ್ರಮದ ಆಹ್ವಾನ ಪತ್ರಿಕೆ, ಫೋಟೊ, ಪ್ರಮಾಣಪತ್ರ. ನಲವತ್ತು ವರ್ಷ ಸಾವಿನ ಮನೆ ಮುಂದೆ ಬಾರಿಸಿದವರ ಹತ್ತಿರ ಎಲ್ಲಿಂದ ಬರಬೇಕು ಪ್ರಮಾಣಪತ್ರ? ಹೆಣದ ಮನೆಯವರು ಆಹ್ವಾನ ಪತ್ರಿಕೆ ಅಚ್ಚು ಹಾಕಿಸುತ್ತಾರಾ? ವೇದಿಕೆ ಹತ್ತಿದವರಿಗೆ ಕಾಗದ ಸಿಗುತ್ತದೆ, ಕಾಗದ ಇದ್ದವರಿಗೆ ಮಾಸಾಶನ ಸಿಗುತ್ತದೆ, ಬೀದಿಯಲ್ಲೇ ಬದುಕು ಸವೆಸಿದವರು ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಾರೆ. ಪಕ್ಕದ ಆಂಧ್ರದಲ್ಲಿ ಡಪ್ಪು ಬಾರಿಸುವವರಿಗೆ ಅಂತಲೇ ಪ್ರತ್ಯೇಕ ಪಿಂಚಣಿ ಇದೆ. ಡಪ್ಪು ಅಂದರೆ ನಮ್ಮ ತಮಟೆಯ ಅಣ್ಣತಮ್ಮನೇ.

ವೇದಿಕೆ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಹತ್ತು ನಿಮಿಷ ಸಮಯ ಕೊಟ್ಟು ಜನ ಚಪ್ಪಾಳೆ ಹೊಡೆಯಬೇಕು ಅಂದರೆ ಬಡಿತ ಜೋರಾಗುತ್ತದೆ, ಓಟ ಹಿಡಿಯುತ್ತದೆ. ಮೆರವಣಿಗೆಯಲ್ಲೂ ಅಷ್ಟೇ, ಕುಣಿಯುವವರಿಗೆ ಬೇಕಾದದ್ದು ಒಂದೇ ಟಪಾಂಗುಚ್ಚಿ. ನಿಧಾನದ ಬಡಿತಗಳು, ಹೆಣ ಮನೆಯಿಂದ ಎತ್ತುವಾಗಿನದು, ದೇವರು ಹೊರಡುವ ಮುಂಚಿನದು, ಡಂಗುರಕ್ಕೆ ಜನ ಕೂಡಲಿ ಅಂತ ಕರೆಯುವಂಥದ್ದು, ಇವುಗಳಿಗೆ ಈಗ ಗಿರಾಕಿ ಇಲ್ಲ. ತಮಟೆ ಉಳಿದು ತಮಟೆಯ ಮಾತು ಹೋಗುವುದು ಅಂದರೆ ಇದೇ. ನನ್ನ ಕೇಳಿದರೆ ಅವಸರ ಇರುವುದು ಇಲ್ಲಿ. ಬಡಿತ ಬಲ್ಲ ತಾತಂದಿರು ಎಪ್ಪತ್ತು ದಾಟಿದ್ದಾರೆ.

ಫೈಬರ್ ತಮಟೆ ಬಗ್ಗೆಯೂ ಒಂದು ಮಾತು. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಕಟ್ಟಿನ ಜಾಗಕ್ಕೆ ನಟ್ಟು ಬೋಲ್ಟು. ಮಳೆ ಬಂದರೂ ನಡೆಯುತ್ತದೆ, ಬೆಂಕಿ ಬೇಡ, ಅಂಗಡಿಯಲ್ಲಿ ಸಿಗುತ್ತದೆ. ಕಲೆ ಕೆಟ್ಟಿತು ಅಂತ ಬೈಯುವವರು ಬಹಳ. ನಾನು ಬೈಯುವುದಿಲ್ಲ. ಮಳೆಯಲ್ಲಿ ಆರು ಗಂಟೆ ಮೆರವಣಿಗೆ ಬಾರಿಸುವವನಿಗೆ ಅಸಲಿತನದ ಪಾಠ ಹೇಳುವುದು ಸುಲಭ. ಅದೂ ಅಲ್ಲದೆ ಚರ್ಮ ಸಿಗುವುದೇ ತಲೆನೋವು. 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಹಸು, ಎತ್ತು, ಕರುಗಳ ವಧೆ ಪೂರ್ತಿ ನಿಷೇಧ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಆಡು ಮೇಕೆಯ ಚರ್ಮಕ್ಕೆ ಅಡ್ಡಿ ಇಲ್ಲ, ಆದರೂ ಚರ್ಮದ ಮೂಟೆ ಬಸ್ಸಲ್ಲಿ ತರಲು ಹುಡುಗರಿಗೆ ಅಳುಕು. ಯಾರು ಎಲ್ಲಿ ನಿಲ್ಲಿಸಿ ಏನು ಕೇಳುತ್ತಾರೋ. ಇನ್ನೂ ಒಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಫೈಬರ್ ತಮಟೆಗೆ ಜಾತಿಯ ವಾಸನೆ ಕಮ್ಮಿ. ಹಾಸ್ಟೆಲ್ ಮಂಚದ ಕೆಳಗೆ ಇಟ್ಟರೆ ಡ್ರಮ್ಮು ಅನ್ನಬಹುದು.

ಹೋಗುವುದು ಇಷ್ಟು: ಆ ಎದೆಗೆ ತಾಗುವ ಧಂ. ಪ್ಲಾಸ್ಟಿಕ್ಕಿನಲ್ಲಿ ಚಟ್ ಚೆನ್ನಾಗಿ ಬರುತ್ತದೆ, ಧಂ ಬರುವುದಿಲ್ಲ. ಚರ್ಮ ಹದ ಮಾಡುವ, ಬಿಗಿಯುವ, ಕಾಯಿಸುವ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ. ಕಲಿಯಲು ಫೈಬರ್, ಕೇಳಿಸಲು ಚರ್ಮ ಅಂತ ಎರಡನ್ನೂ ಇಟ್ಟುಕೊಂಡರೆ ಏನೂ ನಷ್ಟವಿಲ್ಲ.

ತಮಿಳುನಾಡಿನಲ್ಲಿ ಪರೈಗೆ ಏನಾಯಿತು ಅಂತ ನೋಡಿದರೆ ನಮಗೆ ಒಂದಿಷ್ಟು ಬುದ್ಧಿ ಬರಬಹುದು. ಪರೈಯೂ ಇದೇ ವಾದ್ಯ, ಇದೇ ಕಥೆ, ಇದೇ ಸಾವಿನ ಮನೆ. ದಿಂಡಿಗಲ್‌ನಲ್ಲಿ ಶಕ್ತಿ ಅನ್ನುವ ತಂಡ ದಲಿತ ಹೆಣ್ಣುಮಕ್ಕಳಿಗೆ ಪರೈ ಕಲಿಸಿ ವೇದಿಕೆಗೆ ತಂದಿತು. ಗಂಡಸರು ಮಾತ್ರ, ಅದೂ ಸಾವಿಗೆ ಮಾತ್ರ ಅನ್ನುವ ಎರಡು ಗೋಡೆ ಒಟ್ಟಿಗೇ ಬಿತ್ತು. 2017ರ ಜನವರಿಯಲ್ಲಿ ಜಲ್ಲಿಕಟ್ಟು ಪ್ರತಿಭಟನೆಗೆ ಚೆನ್ನೈನ ಮರೀನಾ ತುಂಬಿದಾಗ ಅಲ್ಲೂ ಪರೈ ಸದ್ದು. ಮದುರೈ ಕಡೆಯ ವೇಲು ಆಸಾನ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈಗ ಐಟಿ ಕಂಪನಿ ಹುಡುಗ ಹುಡುಗಿಯರೂ ವಾರಾಂತ್ಯದಲ್ಲಿ ಪರೈ ಕಲಿಯುತ್ತಾರೆ.

ಖುಷಿಯ ವಿಷಯ. ಆದರೆ ಅಲ್ಲೇ ಒಂದು ಕಸಿವಿಸಿಯೂ ಶುರುವಾಗಿದೆ. ಪರೈ ಎಲ್ಲ ತಮಿಳರದು ಅಂತ ಹೆಮ್ಮೆಯಿಂದ ಹೇಳುವಾಗ, ಇಷ್ಟು ಕಾಲ ಅದಕ್ಕಾಗಿ ಬೈಗುಳ ತಿಂದವರ ಹೆಸರು ಮೆಲ್ಲಗೆ ಜಾರಿಹೋಗುತ್ತದೆ ಅಂತ ಅಲ್ಲಿನ ದಲಿತ ಚಿಂತಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಾದ್ಯಕ್ಕೆ ಮರ್ಯಾದೆ ಬಂದ ದಿನ ವಾದ್ಯದವರೇ ಹಿಂದಿನ ಸಾಲಿಗೆ ಹೋಗುವುದು ನಮ್ಮ ದೇಶದಲ್ಲಿ ಹೊಸದಲ್ಲ, ಒಂದು ಕಾಲಕ್ಕೆ ದೇವದಾಸಿಯರದಾಗಿದ್ದ ಭರತನಾಟ್ಯದ ಇತಿಹಾಸ ತಿರುವಿದರೆ ಸಾಕು.

ಹಾಗಾಗಿ ಶಾಲೆಯಲ್ಲಿ ತಮಟೆ ಕಲಿಸಿ ಅನ್ನುವವರಿಗೆ ನನ್ನದು ಎರಡು ಷರತ್ತು. ಕಲಿಸುವವರು ಕೇರಿಯ ಹಿರಿಯರೇ ಆಗಬೇಕು, ಸಂಬಳ ಕೊಟ್ಟು ಕರೆಯಬೇಕು, ಮೇಷ್ಟ್ರೇ ಅಂತ ಕರೆಯಬೇಕು. ಈಗಿನ ವ್ಯವಸ್ಥೆಯಲ್ಲಿ ಸಂಗೀತ ಮೇಷ್ಟ್ರಾಗಲು ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಯ ಏಣಿ ಇದೆ, ಆ ಏಣಿಯಲ್ಲಿ ತಮಟೆಗೆ ಮೆಟ್ಟಿಲಿಲ್ಲ. ಓದು ಬರಹ ಇಲ್ಲದ, ಆದರೆ ಹತ್ತಾರು ಬಡಿತ ಬಲ್ಲ ಮುದುಕರನ್ನು ಗಂಟೆಗೆ ಇಷ್ಟು ಅಂತ ಕೊಟ್ಟು ಶಾಲೆಗೆ ಕರೆತರಲು ನಿಯಮ ಸಡಿಲಿಸಬೇಕು. ಎರಡನೆಯದು, ಪರಿಶಿಷ್ಟರ ಹಾಸ್ಟೆಲ್‌ನಲ್ಲಿ ಮಾತ್ರ ತಮಟೆ ತರಬೇತಿ ಇಟ್ಟರೆ ನಾವು ಹಳೇ ಚಾಕರಿಯನ್ನೇ ಯೋಜನೆ ಅನ್ನುವ ಹೆಸರಲ್ಲಿ ವಾಪಸು ತಂದಂತೆ. ಇಟ್ಟರೆ ಎಲ್ಲ ಶಾಲೆಯಲ್ಲೂ ಇಡಿ. ಊರಗೌಡರ ಮೊಮ್ಮಗಳೂ ಹೆಗಲಿಗೆ ತಮಟೆ ಹಾಕಿಕೊಂಡು ಸಾಲಲ್ಲಿ ನಿಲ್ಲಲಿ, ಬಡಿತ ತಪ್ಪಿದಾಗ ಕೇರಿಯ ತಾತನಿಂದ ಬೈಸಿಕೊಳ್ಳಲಿ. ಆಗ ನೋಡೋಣ.

ದುಡ್ಡಿನ ವಿಷಯದಲ್ಲಿ ಹುಡುಗರು ನಮಗಿಂತ ಮುಂದಿದ್ದಾರೆ. ಆ ಎಂಟು ಜನ ತಂಡಕ್ಕೆ ಹೆಸರಿಟ್ಟಿದ್ದಾರೆ, ಇನ್‌ಸ್ಟಾಗ್ರಾಮ್ ಪೇಜ್ ಇದೆ, ಅಡ್ವಾನ್ಸ್ ಫೋನ್‌ಪೇಯಲ್ಲಿ ಬಂದರೆ ಮಾತ್ರ ದಿನ ಬರೆದುಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಬೇಕು, ಕುಡಿದು ಮೈಮೇಲೆ ಬಿದ್ದರೆ ನಿಲ್ಲಿಸುತ್ತೇವೆ, ಎಲ್ಲ ಮೊದಲೇ ಮಾತು. ಯಾವ ತರಬೇತಿ ಶಿಬಿರವೂ ಹೇಳಿಕೊಡದ ಪಾಠ ಇದು. ತಾತನ ಕಾಲಕ್ಕೂ ಇವರ ಕಾಲಕ್ಕೂ ಇರುವ ವ್ಯತ್ಯಾಸ ಈ ಅಡ್ವಾನ್ಸಿನಲ್ಲಿದೆ.

ಮೆರವಣಿಗೆ ಹೊರಡುವ ಮುಂಚೆ ಅವನು ಫೋನ್ ತೆಗೆದು ತೋರಿಸಿದ. ಊರಿಗೆ ಹೋದಾಗ ತಾತನ ಬಡಿತ ರೆಕಾರ್ಡ್ ಮಾಡಿಕೊಂಡಿದ್ದಾನೆ. ಜಗಲಿ ಮೇಲೆ ಕೂತ ತಾತ, ಮಡಿಲಲ್ಲಿ ಚರ್ಮದ ತಮಟೆ, ಹಿಂದೆ ಕೋಳಿ ಕೂಗುವ ಸದ್ದು. ಒಂದೊಂದು ಫೈಲಿಗೂ ಹೆಸರು: ತಾತ ಮಾರಿ, ತಾತ ಸಾವು, ತಾತ ಸಾವು ಎರಡು. ಎರಡನೇ ಸಾವಿನದು ನಿಧಾನ, ಎರಡು ಏಟಿನ ನಡುವೆ ಉಸಿರು ತಗೊಳ್ಳುವಷ್ಟು ಜಾಗ.

"ಇದನ್ನ ನೀವು ಯಾಕೆ ಬಾರಿಸಲ್ಲ?" ಅಂದೆ.

"ಇದಕ್ಕೆ ಯಾರು ಕುಣೀತಾರೆ ಅಣ್ಣ."

"ಊರ ಹಬ್ಬಕ್ಕೆ ಕರೆದ್ರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸ್ಪ್ಯಾನರ್ ಜೇಬಿಗೆ ಹಾಕಿಕೊಂಡು ಹೇಳಿದ. "ಫೋನ್ ಮಾಡಿ, ರೇಟ್ ಕೇಳಿ, ಅಡ್ವಾನ್ಸ್ ಹಾಕಿದ್ರೆ ಹೋಗ್ತೀವಿ ಅಣ್ಣ. ಎಲ್ರಿಗೂ ಎಷ್ಟೋ ಅವ್ರಿಗೂ ಅಷ್ಟೇ. ಮನೆ ಮುಂದೆ ನಿಂತು ಬಾರ್ಲಾ ಅಂತ ಕೂಗಿದ್ರೆ ಹೋಗಲ್ಲ."

ಅಷ್ಟರಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಅವನು ಪಟ್ಟಿ ಹೆಗಲಿಗೆ ಏರಿಸಿ, ಬಿದಿರು ಸೀಳನ್ನು ಬೆರಳ ನಡುವೆ ಸಿಗಿಸಿಕೊಂಡು ತಂಡದ ಕಡೆ ಓಡಿದ.